ಮಗನನ್ನು ಕೌನ್ಸೆಲರ್ ಕರೆದರಂತೆ, ಏನಾಗಿದೆ ಅವನಿಗೆ?

ಪರೀಕ್ಷೆ ಹತ್ತಿರ ಬಂದ ಹಾಗೆ ಈ ಅಂಕಣಕ್ಕೆ ಪತ್ರಗಳು ಜಾಸ್ತಿ ಆಗುತ್ತವೆ. ಹೆಚ್ಚಿನವರದು ಒಂದೇ ಮಾತು: ಮಗು ಓದುತ್ತಿಲ್ಲ, ಏನಾದರೂ ಹೇಳಿ ಹುರಿದುಂಬಿಸಿ. ಈ ಸಲ ಶಾಲೆಯ ಕೌನ್ಸೆಲರ್‌ಗಳ ಬಗ್ಗೆಯೇ ಹಲವರು ಕೇಳಿದ್ದಾರೆ, ಕೌನ್ಸೆಲರ್ ಒಬ್ಬರು ಕೂಡ ಬರೆದಿದ್ದಾರೆ. ಹಾಗಾಗಿ ಅವೆಲ್ಲವನ್ನೂ ಒಟ್ಟಿಗೇ ತೆಗೆದುಕೊಂಡಿದ್ದೇನೆ. ಪತ್ರಗಳನ್ನು ಚಿಕ್ಕದು ಮಾಡಿದ್ದೇನೆ, ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ಮಗ ಒಂಬತ್ತನೇ ಕ್ಲಾಸ್. ಏಳರವರೆಗೆ ಚೆನ್ನಾಗಿ ಓದುತ್ತಿದ್ದ, ಎಂಟರಲ್ಲಿ ಮಾರ್ಕ್ಸ್ ಬಿದ್ದುಹೋಯಿತು. ಮೊನ್ನೆ ಶಾಲೆಯಿಂದ ಫೋನ್ ಬಂತು, ವಾರಕ್ಕೊಂದು ಸಲ ಕೌನ್ಸೆಲರ್ ಹತ್ತಿರ ಕೂರಿಸುತ್ತೇವೆ ಅಂತ. ನಮ್ಮತ್ತೆ ‘ಏನಾಗಿದೆ ಹುಡುಗನಿಗೆ, ತಲೆ ಸರಿ ಇಲ್ವಾ’ ಅಂತ ಅಳುವುದಕ್ಕೇ ಶುರು ಮಾಡಿದರು. ಒಳಗೆ ಏನು ಮಾಡುತ್ತಾರೆ ಮೇಡಂ? ಸುಮ್ನೆ ಬುದ್ಧಿ ಹೇಳಿ ಕಳಿಸುತ್ತಾರಾ?
(ಒಬ್ಬ ತಾಯಿ, ಹಾಸನ)

ಉತ್ತರ: ಮೊದಲು ಅತ್ತೆಯವರಿಗೆ ಹೇಳಿ, ಮೊಮ್ಮಗನ ತಲೆ ಸರಿಯಾಗೇ ಇದೆ. ಕೌನ್ಸೆಲರ್ ಹತ್ತಿರ ಹೋಗುವ ಮಕ್ಕಳಲ್ಲಿ ಕಾಯಿಲೆ ಇರುವವರು ಕಡಿಮೆ. ಓದು ಎಲ್ಲೋ ಸಿಕ್ಕಿಹಾಕಿಕೊಂಡಿದೆ, ಎಲ್ಲಿ ಅಂತ ಮಗುವಿಗೂ ಗೊತ್ತಿಲ್ಲ, ನಿಮಗೂ ಗೊತ್ತಿಲ್ಲ. ಅದನ್ನು ಹುಡುಕುವುದೇ ಅವರ ಕೆಲಸದ ಮುಕ್ಕಾಲು ಭಾಗ.

ಬುದ್ಧಿ ಹೇಳುವುದಂತೂ ಅಲ್ಲವೇ ಅಲ್ಲ. ಬುದ್ಧಿ ಹೇಳುವವರು ಮನೆಯಲ್ಲಿ, ಬೀದಿಯಲ್ಲಿ, ಮದುವೆ ಮನೆ ಊಟದ ಪಂಕ್ತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಒಳ್ಳೆಯ ಕೌನ್ಸೆಲರ್ ಮೊದಲನೇ ದಿನ ಮಾರ್ಕ್ಸ್ ಸುದ್ದಿಯನ್ನೇ ಎತ್ತುವುದಿಲ್ಲ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀಯ, ಬಸ್ಸಲ್ಲಿ ಯಾರ ಪಕ್ಕ ಕೂರುತ್ತೀಯ, ಯಾವ ಪೀರಿಯಡ್ ಬಂದರೆ ಖುಷಿ, ಯಾವುದು ಬಂದರೆ ಹೊಟ್ಟೆ ತೊಳಸುತ್ತದೆ, ಹೀಗೆ ಕೇಳುತ್ತಾ ಹೋಗುತ್ತಾರೆ. ಹರಟೆಯ ಹಾಗೆ ಕಾಣುತ್ತದೆ, ಆದರೆ ಸುಳಿವೆಲ್ಲ ಇರುವುದು ಅಲ್ಲೇ. ರಾತ್ರಿ ಒಂದು ಗಂಟೆವರೆಗೆ ಮೊಬೈಲ್ ನೋಡುವ ಹುಡುಗನಿಗೆ ಮೊದಲ ಎರಡು ಪೀರಿಯಡ್ ತಲೆಗೆ ಹೋಗುವುದಿಲ್ಲ. ಬೋರ್ಡ್ ಕಾಣಿಸದೆ ಪಕ್ಕದವನ ನೋಟ್ಸ್ ನೋಡಿ ಬರೆದುಕೊಳ್ಳುವ ಮಕ್ಕಳು ಎಷ್ಟೋ ಇದ್ದಾರೆ, ಅವರಿಗೆ ಬೇಕಾಗಿದ್ದು ಕನ್ನಡಕ. ಹಿಂದಿನ ಬೆಂಚಿನಲ್ಲಿ ಯಾರೋ ದಿನಾ ಗೋಳು ಹುಯ್ದುಕೊಳ್ಳುತ್ತಿರಬಹುದು. ಅಪ್ಪ ಅಮ್ಮ ಅಡುಗೆಮನೆಯಲ್ಲಿ ಸಾಲದ ಬಗ್ಗೆ ಜಗಳ ಆಡಿದ್ದು ಕೋಣೆಗೆ ಕೇಳಿಸಿರಬಹುದು.

ಎಂಟರಲ್ಲಿ ಬಿತ್ತು ಅಂದಿರಲ್ಲ, ಅದು ಆಶ್ಚರ್ಯ ಏನಲ್ಲ. ನಮ್ಮಲ್ಲಿ ಹೈಸ್ಕೂಲ್ ಶುರುವಾಗುವುದೇ ಎಂಟರಿಂದ. ಎಷ್ಟೋ ಮಕ್ಕಳಿಗೆ ಶಾಲೆ ಬದಲಾಗುತ್ತದೆ, ವಿಷಯಕ್ಕೊಬ್ಬರು ಮೇಷ್ಟ್ರು ಬರುತ್ತಾರೆ, ಬೀಜಗಣಿತ ಬಿಗಿಯಾಗುತ್ತದೆ. ಐದು, ಆರರಲ್ಲಿ ಭಿನ್ನರಾಶಿ ಅರ್ಧಂಬರ್ಧ ಬಿಟ್ಟುಹೋಗಿದ್ದರೆ ಅದು ಅಲ್ಲಿಯವರೆಗೆ ಹೇಗೋ ಮುಚ್ಚಿಕೊಂಡಿರುತ್ತದೆ, ಎಂಟರಲ್ಲಿ ಬಯಲಾಗುತ್ತದೆ. ಆಗ ಮಗು ‘ನನಗೆ ಗಣಿತ ಬರಲ್ಲ’ ಅನ್ನುತ್ತದೆ. ನಾವು ‘ಓದಲ್ಲ’ ಅನ್ನುತ್ತೇವೆ.

ಇನ್ನೊಂದು ಪ್ರಶ್ನೆ ಇದೆ, ಕೌನ್ಸೆಲರ್‌ಗಳು ತುಂಬಾ ಬಳಸುತ್ತಾರೆ. ‘ಸೊನ್ನೆಯಿಂದ ಹತ್ತರಲ್ಲಿ ಹೇಳು, ಗಣಿತ ನಿನಗೆ ಎಷ್ಟು ಕೈಗೆ ಸಿಕ್ಕಿದೆ?’ ಹುಡುಗ ‘ಮೂರು’ ಅನ್ನುತ್ತಾನೆ. ನಾವಾಗಿದ್ದರೆ ‘ಯಾಕೋ ಬರೀ ಮೂರು’ ಅಂತ ಶುರು ಮಾಡುತ್ತಿದ್ದೆವು. ಕೌನ್ಸೆಲರ್ ಕೇಳುವುದು ಉಲ್ಟಾ: ‘ಸೊನ್ನೆ ಅನ್ನದೆ ಮೂರು ಅಂದೆಯಲ್ಲ, ಆ ಮೂರರಲ್ಲಿ ಏನೇನಿದೆ?’ ಹುಡುಗ ಯೋಚಿಸಿ, ‘ರೇಖಾಗಣಿತ ಪರವಾಗಿಲ್ಲ, ಚಿತ್ರ ಇದ್ದರೆ ಅರ್ಥ ಆಗುತ್ತೆ’ ಅನ್ನುತ್ತಾನೆ. ‘ಸರಿ, ಮೂರು ನಾಲ್ಕಾಗಬೇಕಾದರೆ ಈ ವಾರ ಏನು ಮಾಡಬಹುದು?’ ಹತ್ತರ ಸುದ್ದಿ ಇಲ್ಲ, ನಾಲ್ಕರದು ಮಾತ್ರ. ಅಮೆರಿಕದ ಮಿಲ್ವಾಕಿಯಲ್ಲಿ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ಅನ್ನುವ ಮನೋಚಿಕಿತ್ಸಕ ದಂಪತಿ ಬೆಳೆಸಿದ ವಿಧಾನ ಇದು. ಶಾಲೆಗೆ ಹೇಳಿ ಮಾಡಿಸಿದ ಹಾಗಿದೆ, ಯಾಕೆಂದರೆ ಅಲ್ಲಿ ಕೌನ್ಸೆಲರ್‌ಗೆ ಸಿಗುವುದು ಅರ್ಧ ಗಂಟೆ, ಅದೂ ಪಿ.ಟಿ. ಪೀರಿಯಡ್ ಕಿತ್ತುಕೊಂಡು.

ನೀವು ಮಾಡಬೇಕಾದ್ದು ಒಂದೇ. ಅವನು ಮನೆಗೆ ಬಂದ ತಕ್ಷಣ ‘ಮೇಡಂ ಏನು ಕೇಳಿದರು, ನೀನು ಏನು ಹೇಳಿದೆ’ ಅಂತ ವಿಚಾರಣೆ ಮಾಡಬೇಡಿ. ಅವನಾಗಿ ಹೇಳಿದರೆ ಕೇಳಿ. ಅಲ್ಲಿ ಆಡಿದ ಮಾತು ಮನೆ ಸೇರುವುದಿಲ್ಲ ಅನ್ನುವ ನಂಬಿಕೆ ಇದ್ದರೇ ಅವನು ಬಾಯಿ ಬಿಡುವುದು. ಜೀವಕ್ಕೆ ಅಪಾಯ ಅಥವಾ ದೌರ್ಜನ್ಯದಂಥ ವಿಷಯ ಇದ್ದರೆ ಕೌನ್ಸೆಲರ್ ತಾವೇ ನಿಮ್ಮನ್ನು ಕರೆಯುತ್ತಾರೆ. ಒಂದು ಸಲ ಕಣ್ಣು ಪರೀಕ್ಷೆ ಮಾಡಿಸಿ, ಅದಕ್ಕೆ ಯಾರ ಸಲಹೆಗೂ ಕಾಯಬೇಕಾಗಿಲ್ಲ.

ಪ್ರಶ್ನೆ: ನಾನು ಹತ್ತನೇ ತರಗತಿ, ಕನ್ನಡ ಮಾಧ್ಯಮ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಓದುತ್ತೇನೆ. ಓದುವಾಗ ಎಲ್ಲ ಬರುತ್ತೆ, ಪೇಪರ್ ಕೈಗೆ ಬಂದರೆ ಖಾಲಿ. ಪ್ರಿಪರೇಟರಿಯಲ್ಲಿ ಗಣಿತ, ವಿಜ್ಞಾನ ಎರಡರಲ್ಲೂ ಫೇಲ್. ಎಲ್ಲರೂ ‘ಪ್ರಯತ್ನಪಡು, ನಿನ್ನ ಕೈಲಿ ಆಗುತ್ತೆ’ ಅಂತಾರೆ. ಇನ್ನೆಷ್ಟು ಪ್ರಯತ್ನಪಡಲಿ? ನಮ್ಮ ಶಾಲೆಯಲ್ಲಿ ಕೌನ್ಸೆಲರ್ ಇಲ್ಲ.
(ವಿದ್ಯಾರ್ಥಿನಿ, ಶಿವಮೊಗ್ಗ ಜಿಲ್ಲೆ)

ಉತ್ತರ: ನಾಲ್ಕೂವರೆಗೆ ಏಳುವ ಹುಡುಗಿಗೆ ‘ಪ್ರಯತ್ನಪಡು’ ಅನ್ನುವುದು ಅನ್ಯಾಯ. ನಿನ್ನ ಪ್ರಯತ್ನಕ್ಕೆ ಏನೂ ಆಗಿಲ್ಲ, ಓದುವ ದಾರಿ ಬದಲಾಗಬೇಕು. ನಿನ್ನ ಶಾಲೆಯಲ್ಲಿ ಕೌನ್ಸೆಲರ್ ಇದ್ದಿದ್ದರೆ ಬಹುಶಃ ನಿನ್ನ ಎದುರು ಪುಸ್ತಕ ಇಟ್ಟು ‘ಹೇಗೆ ಓದುತ್ತೀಯ, ಮಾಡಿ ತೋರಿಸು’ ಅನ್ನುತ್ತಿದ್ದರು. ನೀನು ಏನು ಮಾಡುತ್ತೀಯ ಅಂತ ನಾನು ಊಹಿಸಬಲ್ಲೆ. ಅದೇ ಪಾಠವನ್ನು ಮತ್ತೆ ಮತ್ತೆ ಓದುತ್ತೀಯ, ಗೆರೆ ಎಳೆಯುತ್ತೀಯ, ಐದನೇ ಸಲ ಓದುವಾಗ ಎಲ್ಲ ಪರಿಚಯ ಅನ್ನಿಸುತ್ತದೆ. ಪರಿಚಯ ಇರುವುದು ಬೇರೆ, ನೆನಪಿಗೆ ಬರುವುದು ಬೇರೆ. ಪರೀಕ್ಷೆಯಲ್ಲಿ ಬೇಕಾಗುವುದು ಎರಡನೆಯದು.

2006ರಲ್ಲಿ ರೋಡಿಗರ್, ಕಾರ್ಪಿಕೆ ಅನ್ನುವ ಇಬ್ಬರು ಸಂಶೋಧಕರು ಇದನ್ನೇ ಪರೀಕ್ಷೆ ಮಾಡಿ ನೋಡಿದರು. ಒಂದು ಗುಂಪು ಪಾಠವನ್ನು ಮತ್ತೆ ಓದಿತು. ಇನ್ನೊಂದು ಗುಂಪು ಪಾಠ ಮುಚ್ಚಿಟ್ಟು ನೆನಪಿದ್ದಷ್ಟು ಬರೆಯಿತು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ ಮುಚ್ಚಿಟ್ಟು ಬರೆದವರು ಮುಂದೆ. ನಿನ್ನ ಪರೀಕ್ಷೆ ಐದು ನಿಮಿಷ ಬಿಟ್ಟು ಇಲ್ಲ, ಅಲ್ವಾ?

ಹಾಗಾಗಿ ಹೀಗೆ ಮಾಡು. ಒಂದು ಪುಟ ಓದು, ಪುಸ್ತಕ ಮುಚ್ಚು, ರಫ್ ಹಾಳೆಯಲ್ಲಿ ನೆನಪಿಗೆ ಬಂದದ್ದು ಬರೆ. ಅರ್ಧ ಬರುವುದಿಲ್ಲ, ಸಿಟ್ಟು ಬರುತ್ತದೆ. ಆ ತಡಕಾಟದಲ್ಲೇ ಕಲಿಕೆ ಆಗುವುದು. ಪುಸ್ತಕ ತೆಗೆದು ಬಿಟ್ಟುಹೋದದ್ದನ್ನು ಬೇರೆ ಪೆನ್ನಿನಲ್ಲಿ ಸೇರಿಸು. ಅದೇ ಪುಟವನ್ನು ಎರಡು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಗಣಿತದಲ್ಲಿ ಬಿಡಿಸಿದ ಲೆಕ್ಕವನ್ನು ನೋಡಿ ತಲೆ ಆಡಿಸಬೇಡ, ಉತ್ತರ ಮುಚ್ಚಿ ನೀನೇ ಬಿಡಿಸು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟುಕೊಂಡು ಬರೆ.

‘ಚೆನ್ನಾಗಿ ಓದುತ್ತೇನೆ’ ಅನ್ನುವ ತೀರ್ಮಾನ ಮಾಡಬೇಡ, ಅದು ನಿಲ್ಲುವುದಿಲ್ಲ. ‘ಸಂಜೆ ಹಾಲು ಡೇರಿಗೆ ಹಾಕಿ ಬಂದ ತಕ್ಷಣ, ಕೈಕಾಲು ತೊಳೆದು, ಎರಡು ಸಮೀಕರಣ ಬಿಡಿಸುತ್ತೇನೆ’ ಅಂತ ಮಾಡು. ಯಾವಾಗ, ಯಾವುದಾದ ಮೇಲೆ, ಎಷ್ಟು ಅನ್ನುವುದು ಮೊದಲೇ ನಿಗದಿ ಆಗಿರಬೇಕು. ಪೀಟರ್ ಗೊಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞ ಇಂಥ ಯೋಜನೆಗಳ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕೌನ್ಸೆಲರ್‌ಗಳು ಮಕ್ಕಳ ಹತ್ತಿರ ಟೈಮ್‌ಟೇಬಲ್ ಬರೆಸುವಾಗ ಇದನ್ನೇ ಮಾಡಿಸುವುದು. ಬಣ್ಣದ ಸ್ಕೆಚ್ ಪೆನ್ನಿನ ಟೈಮ್‌ಟೇಬಲ್ ಗೋಡೆಯ ಮೇಲೆ ಚೆಂದ ಕಾಣುತ್ತದೆ, ಅಷ್ಟೇ.

ನಾಲ್ಕೂವರೆಗೆ ಏಳುವುದಾದರೆ ರಾತ್ರಿ ಒಂಬತ್ತೂವರೆಗೆ ಮಲಗು. ಎರಡೂ ಕಡೆ ನಿದ್ದೆ ಕಡಿದರೆ ಓದಿದ್ದು ನಿಲ್ಲುವುದಿಲ್ಲ.

ಇನ್ನು ಭಯದ ಮಾತು. 2024ರಿಂದ ಎಸ್ಎಸ್ಎಲ್‌ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಪದ್ಧತಿ ಬಂದಿದೆ, ಒಂದರಲ್ಲಿ ಬಿಟ್ಟುಹೋದ ವಿಷಯವನ್ನು ಅದೇ ವರ್ಷ ಮತ್ತೆ ಬರೆಯಬಹುದು, ಹೆಚ್ಚು ಬಂದ ಅಂಕವೇ ಉಳಿಯುತ್ತದೆ. ಗಣಿತದ ನೂರರಲ್ಲಿ ಇಪ್ಪತ್ತು ಆಂತರಿಕ ಅಂಕ, ಅದು ಶಾಲೆಯಲ್ಲೇ ನಿರ್ಧಾರ ಆಗುತ್ತದೆ, ಅದನ್ನು ಪೂರ್ತಿ ತೆಗೆದುಕೋ. ನಿನಗೆ ಬರುವ ಅಧ್ಯಾಯ ಯಾವುದು ಅಂತ ಪಟ್ಟಿ ಮಾಡು. ರೇಖಾಗಣಿತದ ಪ್ರಮೇಯ, ನಕ್ಷೆ ಎಳೆದು ಬಿಡಿಸುವ ಲೆಕ್ಕ, ಸಂಖ್ಯಾಶಾಸ್ತ್ರ, ಇವನ್ನು ಅಭ್ಯಾಸದಿಂದ ಕೈಗೆ ತಂದುಕೊಳ್ಳಬಹುದು. ನಾಳೆ ನಿಮ್ಮ ಗಣಿತ ಮೇಷ್ಟ್ರ ಹತ್ತಿರ ಹೋಗಿ ‘ಸರ್, ಫೇಲ್ ಆದ ಪೇಪರ್‌ನಲ್ಲಿ ಎಲ್ಲಿ ತಪ್ಪಿದೆ ಅಂತ ನನ್ನ ಜೊತೆ ಕೂತು ನೋಡ್ತೀರಾ’ ಅಂತ ಕೇಳು. ಬೇಡ ಅನ್ನುವ ಮೇಷ್ಟ್ರು ಕಡಿಮೆ.

ಪ್ರಶ್ನೆ: ತೊಂಬತ್ತು ಪರ್ಸೆಂಟ್ ತೆಗೆದರೆ ಬೈಕ್ ಕೊಡಿಸುತ್ತೇನೆ ಅಂತ ಮಗನಿಗೆ ಹೇಳಿದ್ದೇನೆ. ಹತ್ತನೇ ಕ್ಲಾಸ್. ಶಾಲೆಯ ಕೌನ್ಸೆಲರ್ ‘ಹಾಗೆಲ್ಲ ಮಾಡಬೇಡಿ ಸರ್’ ಅಂದರು. ಇಲ್ಲದಿದ್ದರೆ ಓದುವುದಾದರೂ ಹೇಗೆ? ನಾವೆಲ್ಲ ಏನಾದರೂ ಆಸೆಗೇ ದುಡಿಯುವುದು ತಾನೆ.
(ವ್ಯಾಪಾರಿ, ದಾವಣಗೆರೆ)

ಉತ್ತರ: ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಹತ್ತನೇ ಕ್ಲಾಸ್ ಹುಡುಗನಿಗೆ ಗೇರ್ ಬೈಕ್ ಓಡಿಸುವ ವಯಸ್ಸಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧ ಆದರೆ ಶಿಕ್ಷೆ ಪೋಷಕರಿಗೆ ಅಥವಾ ಗಾಡಿ ಮಾಲೀಕರಿಗೆ. 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು. ಅಂದರೆ ಅವನು ತೊಂಬತ್ತು ತೆಗೆದರೆ ಕಷ್ಟ ನಿಮಗೇ.

ಇನ್ನು ಆಸೆಯ ಮಾತು. ಎಡ್ವರ್ಡ್ ಡೆಸಿ ಅನ್ನುವ ಮನಶ್ಶಾಸ್ತ್ರಜ್ಞರು 1971ರಲ್ಲಿ ಪ್ರಕಟಿಸಿದ ಪ್ರಯೋಗ ಒಂದಿದೆ. ಕಾಲೇಜು ವಿದ್ಯಾರ್ಥಿಗಳಿಗೆ ಮಜವಾದ ಒಗಟಿನ ಆಟಿಕೆ ಕೊಟ್ಟರು. ಕೆಲವರಿಗೆ ಬಿಡಿಸಿದ್ದಕ್ಕೆ ದುಡ್ಡು ಕೊಟ್ಟು, ಆಮೇಲೆ ನಿಲ್ಲಿಸಿದರು. ದುಡ್ಡು ನಿಂತ ಮೇಲೆ ಅವರು ಬಿಡುವಿನ ವೇಳೆಯಲ್ಲಿ ಆ ಆಟಿಕೆ ಮುಟ್ಟುವುದು ಕಡಿಮೆಯಾಯಿತು. ಮೊದಲು ಸುಮ್ನೆ ಖುಷಿಗೆ ಮಾಡುತ್ತಿದ್ದದ್ದು ಕೂಲಿ ಆಗಿಹೋಯಿತು. ಹಾಗಂತ ಯಾವ ಉಡುಗೊರೆಯೂ ಕೂಡದು ಅಂತ ನಾನು ಹೇಳುತ್ತಿಲ್ಲ. ತೀರಾ ಬೇಸರದ ಕೆಲಸಕ್ಕೆ, ಚಿಕ್ಕದಾಗಿ, ಮಾಡಿದ ಕೂಡಲೇ ಸಿಗುವ ಬಹುಮಾನ ಕೆಲಸಕ್ಕೆ ಬರುತ್ತದೆ. ಫಲಿತಾಂಶ ಬಂದ ಮೇಲೆ ಸಿಗುವ ಬೈಕ್ ಇವತ್ತು ಸಂಜೆ ಅವನನ್ನು ಪುಸ್ತಕದ ಮುಂದೆ ಕೂರಿಸುವುದಿಲ್ಲ. ಎಂಬತ್ತೆಂಟು ಬಂದರೆ ಏನು ಮಾಡುತ್ತೀರಿ? ಅಷ್ಟು ತೆಗೆದ ಹುಡುಗ ಸೋತವನ ಹಾಗೆ ಮನೆಗೆ ಬರುತ್ತಾನೆ.

ಹೊಗಳುವಾಗಲೂ ಸ್ವಲ್ಪ ಹುಷಾರು. ಕರೋಲ್ ಡ್ವೆಕ್, ಕ್ಲಾಡಿಯಾ ಮುಲ್ಲರ್ ಅನ್ನುವ ಮನಶ್ಶಾಸ್ತ್ರಜ್ಞರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ‘ನೀನು ಬುದ್ಧಿವಂತ’ ಅನ್ನಿಸಿಕೊಂಡ ಮಕ್ಕಳು ಆಮೇಲೆ ಸುಲಭದ ಲೆಕ್ಕವನ್ನೇ ಆರಿಸಿಕೊಂಡರು, ಕಷ್ಟದ್ದು ಬಂದಾಗ ಬೇಗ ಕೈಬಿಟ್ಟರು, ತಮ್ಮ ಅಂಕದ ಬಗ್ಗೆ ಸುಳ್ಳು ಹೇಳಿದವರೂ ಅವರಲ್ಲೇ ಜಾಸ್ತಿ. ‘ಚೆನ್ನಾಗಿ ಪ್ರಯತ್ನಪಟ್ಟೆ’ ಅನ್ನಿಸಿಕೊಂಡವರು ಹಾಗೆ ಮಾಡಲಿಲ್ಲ. ಇದನ್ನೇ ಹಿಡಿದುಕೊಂಡು ಕೆಲವು ಶಾಲೆಗಳು ಬುದ್ಧಿಯನ್ನು ಬೆಳೆಸಿಕೊಳ್ಳಬಹುದು ಅನ್ನುವ ಮನೋಭಾವ ಬಂದರೆ ರ‍್ಯಾಂಕ್ ಬಂದೇ ಬಿಡುತ್ತದೆ ಅಂತ ಪೋಸ್ಟರ್ ಅಂಟಿಸುತ್ತವೆ, ಅದೂ ಅತಿಯಾಯಿತು. 2019ರಲ್ಲಿ ಅಮೆರಿಕದಲ್ಲಿ ದೊಡ್ಡ ಮಟ್ಟದಲ್ಲಿ ನಡೆದ ಅಧ್ಯಯನದಲ್ಲಿ, ಹಿಂದುಳಿದ ಮಕ್ಕಳ ಅಂಕ ಈ ಮನೋಭಾವ ಕಲಿಸಿದ್ದರಿಂದ ಏರಿದ್ದು ನಿಜ, ಆದರೆ ಏರಿಕೆ ಚಿಕ್ಕದು.

ನೀವು ವ್ಯಾಪಾರ ಮಾಡುವವರು. ಅವನನ್ನು ಭಾನುವಾರ ಅಂಗಡಿಗೆ ಕರೆದುಕೊಂಡು ಹೋಗಿ, ಒಂದು ವಾರದ ಖರೀದಿ, ಮಾರಾಟ, ಲಾಭದ ಲೆಕ್ಕ ಅವನ ಕೈಲಿ ಮಾಡಿಸಿ. ಶೇಕಡಾವಾರು ಲೆಕ್ಕ ಅಲ್ಲಿ ಬಂದಷ್ಟು ಚೆನ್ನಾಗಿ ಟ್ಯೂಷನ್‌ನಲ್ಲಿ ಬರುವುದಿಲ್ಲ. ಬೈಕ್ ಮಾತು ಕೊಟ್ಟಾಗಿದೆಯಲ್ಲ, ಅದನ್ನು ಮುರಿಯಬೇಡಿ. ‘ಹದಿನೆಂಟಾಗಿ ಲೈಸೆನ್ಸ್ ಬಂದಾಗ ಕೊಡಿಸುತ್ತೇನೆ, ಎಷ್ಟೇ ಮಾರ್ಕ್ಸ್ ಬರಲಿ’ ಅಂತ ತಿದ್ದಿ ಹೇಳಿ.

ಪ್ರಶ್ನೆ: ನಮ್ಮ ಕಾಲದಲ್ಲಿ ಕೌನ್ಸೆಲರೂ ಇರಲಿಲ್ಲ, ಗಿನ್ಸೆಲರೂ ಇರಲಿಲ್ಲ. ಮೇಷ್ಟ್ರ ಬೆತ್ತ ಒಂದೇ. ನಾವೆಲ್ಲ ಉದ್ಧಾರ ಆಗಲಿಲ್ವೇ?
(ನಿವೃತ್ತ ನೌಕರರು, ಶಿರಸಿ)

ಉತ್ತರ: ನೀವು ಆದಿರಿ, ಸಂತೋಷ. ನಿಮ್ಮ ಜೊತೆ ಒಂದನೇ ಕ್ಲಾಸಿಗೆ ಸೇರಿದವರಲ್ಲಿ ಹತ್ತನೇ ಕ್ಲಾಸ್ ಮುಟ್ಟಿದವರು ಎಷ್ಟು ಜನ, ಒಮ್ಮೆ ಎಣಿಸಿ ನೋಡಿ. ಬೆತ್ತಕ್ಕೆ ಹೆದರಿ ಶಾಲೆ ಬಿಟ್ಟು ಎಮ್ಮೆ ಕಾಯಲು ಹೋದವರು ಪತ್ರಿಕೆಗೆ ಪತ್ರ ಬರೆಯುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ದೈಹಿಕ ಶಿಕ್ಷೆಯೂ ಇಲ್ಲ, ಮಾನಸಿಕ ಹಿಂಸೆಯೂ ಇಲ್ಲ, ಕಾಯ್ದೆಯ 17ನೇ ಸೆಕ್ಷನ್ ಅದನ್ನು ನಿಷೇಧಿಸಿದೆ. ಮತ್ತೆ ಇದೇನು ನಿನ್ನೆ ಮೊನ್ನೆಯ ಫ್ಯಾಷನ್ ಅಲ್ಲ. ಹುಡುಗರಿಗೆ ಯಾವ ಕೆಲಸ ಒಗ್ಗುತ್ತದೆ ಅಂತ ಕೂತು ಮಾತಾಡಿ ಹೇಳುವ ಕಚೇರಿಯನ್ನು ಫ್ರಾಂಕ್ ಪಾರ್ಸನ್ಸ್ ಬಾಸ್ಟನ್‌ನಲ್ಲಿ ತೆರೆದದ್ದು 1908ರಲ್ಲಿ. ನಿಮ್ಮ ಮೇಷ್ಟ್ರಲ್ಲೂ ಒಬ್ಬರಾದರೂ ಬೆತ್ತ ಬದಿಗಿಟ್ಟು ಮನೆವರೆಗೆ ಬಂದು ನಿಮ್ಮಪ್ಪನ ಹತ್ತಿರ ಮಾತಾಡಿದವರು ಇರಬೇಕಲ್ಲ? ಅವರು ಮಾಡಿದ್ದೂ ಇದೇ ಕೆಲಸ, ಸಂಬಳ ಮಾತ್ರ ಬೇರೆ ಕೆಲಸಕ್ಕೆ.

ಪ್ರಶ್ನೆ: ನಾನು ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ. ಕೌನ್ಸೆಲರ್ ಹುದ್ದೆ ಇಲ್ಲ, ‘ನೀವೇ ನೋಡಿಕೊಳ್ಳಿ ಮೇಡಂ’ ಅಂದಿದ್ದಾರೆ. ಹತ್ತಿ ಬಿಡಿಸುವ ಕಾಲ ಬಂದರೆ ಕ್ಲಾಸ್ ಅರ್ಧ ಖಾಲಿ. ಹುಡುಗಿಯರು ಗೈರುಹಾಜರಾದರೆ ಮದುವೆ ಮಾಡಿಬಿಟ್ಟರೇನೋ ಅನ್ನುವ ಹೆದರಿಕೆ. ಇಂಥಲ್ಲಿ ಸ್ಫೂರ್ತಿ ತುಂಬುವುದು ಹೇಗೆ?
(ಶಿಕ್ಷಕಿ, ರಾಯಚೂರು ಜಿಲ್ಲೆ)

ಉತ್ತರ: ಸ್ಫೂರ್ತಿ ಆಮೇಲೆ ನೋಡೋಣ. ನಿಮ್ಮಲ್ಲಿ ಮೊದಲ ಕೆಲಸ ಹಾಜರಿ ಪುಸ್ತಕದ್ದು. ಒಂದು ಹುಡುಗಿ ಮೂರು ದಿನ ಬರಲಿಲ್ಲ ಅಂದರೆ ನಾಲ್ಕನೇ ದಿನ ಆ ಓಣಿಯ ಇನ್ನೊಂದು ಮಗುವಿನ ಕೈಲಿ ಹೇಳಿ ಕಳಿಸಿ. ಅವಳು ಬಂದ ದಿನ ‘ಎಲ್ಲಿ ಹೋಗಿದ್ದೆ’ ಅಂತ ನಿಲ್ಲಿಸಿ ಕೇಳುವ ಬದಲು ‘ಬಂದೆಯಾ, ಒಳ್ಳೆಯದಾಯ್ತು, ಈ ಎರಡು ಪಾಠ ಆಗಿದೆ, ಇವಳ ನೋಟ್ಸ್ ತಗೋ’ ಅನ್ನಿ. ಹದಿನೈದು ದಿನ ಹೊಲದಲ್ಲಿದ್ದು ಬಂದ ಮಗುವಿಗೆ ಮೊದಲ ದಿನ ಅವಮಾನ ಆದರೆ ಎರಡನೇ ದಿನ ಅದು ಬರುವುದಿಲ್ಲ. ಶಾಲೆ ಬಿಡುವ ಮಕ್ಕಳು ಒಂದೇ ದಿನ ಬಿಡುವುದಿಲ್ಲ, ಹೀಗೆ ಸ್ವಲ್ಪ ಸ್ವಲ್ಪವೇ ಜಾರುತ್ತಾರೆ. ನಿಮ್ಮ ಹತ್ತಿರ ಮನಶ್ಶಾಸ್ತ್ರದ ಡಿಗ್ರಿ ಇಲ್ಲದಿರಬಹುದು, ಆದರೆ ಯಾವ ಮಗು ಜಾರುತ್ತಿದೆ ಅಂತ ಎಲ್ಲರಿಗಿಂತ ಮೊದಲು ಕಾಣುವುದು ನಿಮಗೇ.

ತಂದೆತಾಯಿಯ ಹತ್ತಿರ ‘ಮಗಳ ಭವಿಷ್ಯ’ ಅಂತ ಭಾಷಣ ಬೇಡ. ಕೂಲಿ ಲೆಕ್ಕ ಅವರಿಗೆ ನಿಮಗಿಂತ ಚೆನ್ನಾಗಿ ಗೊತ್ತು. ಅದೇ ಲೆಕ್ಕದಲ್ಲಿ ಮಾತಾಡಿ. ಯಾವ ವಿದ್ಯಾರ್ಥಿವೇತನ ಇದೆ, ಯಾವ ಹಾಸ್ಟೆಲ್‌ನಲ್ಲಿ ಸೀಟು ಇದೆ, ಹತ್ತನೇ ಕ್ಲಾಸ್ ಪಾಸಾದರೆ ಐಟಿಐ, ಡಿಪ್ಲೊಮಾ, ನರ್ಸಿಂಗ್ ಕಡೆಗೆ ದಾರಿ ಹೇಗೆ ತೆರೆಯುತ್ತದೆ, ಅವರದೇ ಊರಿನ ಯಾವ ಹುಡುಗಿ ಈಗ ಕೆಲಸದಲ್ಲಿದ್ದಾಳೆ. ಸಾಧ್ಯವಾದರೆ ಆ ಹುಡುಗಿಯನ್ನೇ ಒಂದು ಶನಿವಾರ ಶಾಲೆಗೆ ಕರೆಸಿ. ದೂರದ ಸಾಧಕರ ಕಥೆಗಿಂತ ಪಕ್ಕದ ಓಣಿಯ ಅಕ್ಕ ಹೇಳುವ ಮಾತು ಮಕ್ಕಳ ಮನಸ್ಸಿಗೆ ಬೇಗ ನಾಟುತ್ತದೆ.

ಮದುವೆ ಸುದ್ದಿ ಕಿವಿಗೆ ಬಿದ್ದರೆ ಕಾಯಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಹದಿನೆಂಟರ ಒಳಗಿನ ಹುಡುಗಿಯ ಮದುವೆ ಕಾನೂನುಬಾಹಿರ. ಲೈಂಗಿಕ ದೌರ್ಜನ್ಯದ ಸುಳಿವು ಸಿಕ್ಕರೆ ಪೋಕ್ಸೊ ಕಾಯ್ದೆ ಪ್ರಕಾರ ವರದಿ ಮಾಡುವುದು ನಿಮ್ಮ ಇಷ್ಟಕ್ಕೆ ಬಿಟ್ಟ ವಿಷಯ ಅಲ್ಲ, ಕಡ್ಡಾಯ. ಅದನ್ನು ಶಾಲೆಯೊಳಗೇ ಮಾತಾಡಿ ಮುಗಿಸಲು ಹೋಗಬೇಡಿ, ಯಾರು ಹೇಳಿದರೂ ಸರಿ.

ಇನ್ನು ನಿಮ್ಮ ಕೈ ಮೀರಿದ್ದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆ ಅಂತಲೇ ಸ್ನೇಹ ಕ್ಲಿನಿಕ್ ಇದೆ, ಅಲ್ಲಿಯ ಆಪ್ತಸಮಾಲೋಚಕರನ್ನು ಒಂದು ದಿನ ಶಾಲೆಗೆ ಕರೆಸಿ ಪರಿಚಯ ಮಾಡಿಕೊಳ್ಳಿ. 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ: ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಯಲ್ಲಿ ತರಬೇತಿ ಪಡೆದ ಒಬ್ಬ ಸಮಾಲೋಚಕರಾದರೂ ಇರಬೇಕು, ಅದಕ್ಕಿಂತ ಚಿಕ್ಕದಾದರೆ ಹೊರಗಿನ ತಜ್ಞರ ಜೊತೆ ಅಧಿಕೃತ ಸಂಪರ್ಕ ಇಟ್ಟುಕೊಳ್ಳಬೇಕು. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ಇದನ್ನು ಪ್ರಸ್ತಾಪಿಸಿ, ನಡಾವಳಿಯಲ್ಲಿ ಬರೆಸಿ. ‘ನೀವೇ ನೋಡಿಕೊಳ್ಳಿ ಮೇಡಂ’ ಅಂದವರಿಗೆ ಆ ಪ್ರತಿ ತಲುಪಲಿ.

ಪ್ರಶ್ನೆ: ನಾನು ಖಾಸಗಿ ಶಾಲೆಯ ಕೌನ್ಸೆಲರ್. ಆಡಳಿತ ಮಂಡಳಿಗೆ ಬೇಕಾಗಿರುವುದು ಪರೀಕ್ಷೆಗೆ ಮೊದಲು ಒಂದು ‘ಮೋಟಿವೇಷನ್ ಸೆಷನ್’, ಆಮೇಲೆ ನೂರಕ್ಕೆ ನೂರು ರಿಸಲ್ಟ್. ಗಲಾಟೆ ಮಾಡಿದವರನ್ನು ಶಿಕ್ಷೆಯ ಹಾಗೆ ನನ್ನ ರೂಮಿಗೆ ಕಳಿಸುತ್ತಾರೆ. ಯಾರು ಏನು ಹೇಳಿದರು ಅಂತ ಪಟ್ಟಿ ಬೇರೆ ಕೇಳುತ್ತಾರೆ.
(ಕೌನ್ಸೆಲರ್, ಬೆಂಗಳೂರು)

ಉತ್ತರ: ಸಭಾಂಗಣದ ಮೋಟಿವೇಷನ್ ಭಾಷಣದ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯ ಇಲ್ಲ. ಜೋರು ಸಂಗೀತ, ಚಪ್ಪಾಳೆ, ಅಪ್ಪ ಅಮ್ಮನನ್ನು ನೆನೆಸಿಕೊಂಡು ಮಕ್ಕಳೆಲ್ಲ ಒಟ್ಟಿಗೆ ಅಳುವುದು, ಸಂಜೆಗೆ ಎಲ್ಲ ಮೊದಲಿನಂತೆ. ಸೋಡಾ ಬಾಟಲಿಯ ಗ್ಯಾಸ್ ಇದ್ದ ಹಾಗೆ. ಅದರ ಮಧ್ಯೆ ನಿಜವಾಗಿ ಕುಗ್ಗಿಹೋದ ಮಗು ಇನ್ನಷ್ಟು ಕುಗ್ಗುತ್ತದೆ, ಎಲ್ಲರಿಗೂ ಹುರುಪು ಬಂತು ನನಗೇ ಬರಲಿಲ್ಲ ಅಂತ.

ಆದರೂ ಸೆಷನ್ ಮಾಡಲೇಬೇಕು ಅಂದರೆ ನಲವತ್ತು ನಿಮಿಷ ಉಪಯೋಗಕ್ಕೆ ಬರುವ ಹಾಗೆ ಮಾಡಿ. ಪೇಪರ್ ಕೈಗೆ ಬಂದಾಗ ಮೊದಲ ಹದಿನೈದು ನಿಮಿಷ ಏನು ಮಾಡಬೇಕು, ಮರೆತುಹೋದರೆ ಆ ಪ್ರಶ್ನೆ ಬಿಟ್ಟು ಹೇಗೆ ಮುಂದೆ ಹೋಗಬೇಕು, ಉಸಿರು ನಿಧಾನ ಮಾಡುವುದು ಹೇಗೆ, ಹಿಂದಿನ ದಿನ ಎಷ್ಟು ಗಂಟೆಗೆ ಪುಸ್ತಕ ಮುಚ್ಚಬೇಕು. ಮಕ್ಕಳ ಕೈಲೇ ಮಾಡಿಸಿ.

ರೂಮಿಗೆ ಶಿಕ್ಷೆಯ ಹಾಗೆ ಬಂದ ಹುಡುಗನಿಂದಲೂ ಕೆಲಸ ಶುರು ಮಾಡಬಹುದು. ವಿಲಿಯಂ ಮಿಲ್ಲರ್ ಅನ್ನುವವರು ಕುಡಿತದಿಂದ ಹೊರಬರಲು ಒದ್ದಾಡುವವರ ಜೊತೆ ಕೆಲಸ ಮಾಡುತ್ತಾ 1983ರಲ್ಲಿ ಬರೆದ ವಿಧಾನ ನಿಮಗೆ ಗೊತ್ತೇ ಇರುತ್ತದೆ. ಅದರ ತಿರುಳು ಇಷ್ಟೇ: ಬದಲಾಗು ಅಂತ ನಾವು ವಾದ ಮಾಡಿದಷ್ಟೂ ಎದುರಿನವರು ಬದಲಾಗದಿರುವುದಕ್ಕೆ ಕಾರಣ ಕೊಡುತ್ತಾರೆ. ಹದಿನಾಲ್ಕರ ಹುಡುಗರಿಗೆ ಇದು ಇನ್ನೂ ಚೆನ್ನಾಗಿ ಅನ್ವಯಿಸುತ್ತದೆ. ‘ಯಾಕೆ ಓದಲ್ಲ’ ಅಂದರೆ ಹತ್ತು ಕಾರಣ ಬರುತ್ತವೆ. ‘ನಿನ್ನನ್ನು ಇಲ್ಲಿಗೆ ಬಲವಂತವಾಗಿ ಕಳಿಸಿದ್ದಾರೆ, ಬೇಜಾರಾಗಿರಬೇಕು. ಬಂದಿದ್ದೀಯಲ್ಲ, ಈ ಅರ್ಧ ಗಂಟೆ ನಿನಗೆ ಉಪಯೋಗ ಆಗಬೇಕಾದರೆ ಯಾವುದರ ಬಗ್ಗೆ ಮಾತಾಡೋಣ?’ ಅಂದು ನೋಡಿ. ಕೆಲವರು ‘ಯಾವುದೂ ಬೇಡ’ ಅಂತಾರೆ. ಆಗ ಸುಮ್ಮನೆ ಕೂತುಕೊಳ್ಳಿ. ಮೌನಕ್ಕೆ ಹೆದರುವವರು ಈ ಕೆಲಸಕ್ಕೆ ಬರಬಾರದು. ‘ಓದಿದರೂ ಅಷ್ಟೇ, ಅಣ್ಣನ ಹಾಗೆ ಬರಲ್ಲ’ ಅಂತ ಅವನೇ ಹೇಳುವ ಹೊತ್ತಿಗೆ ನಿಮಗೆ ವಿಷಯ ಸಿಕ್ಕಿರುತ್ತದೆ.

ಪಟ್ಟಿ ಕೊಡಬೇಡಿ. ಒಟ್ಟು ಲೆಕ್ಕ ಕೊಡಿ: ಇಷ್ಟು ಮಕ್ಕಳು ಬಂದರು, ಹೆಚ್ಚಿನವರದು ನಿದ್ದೆ, ಹೋಲಿಕೆ, ಮೊಬೈಲ್, ಇಂಥ ಸೆಕ್ಷನ್‌ನಲ್ಲಿ ಕೀಟಲೆ ಜಾಸ್ತಿ. ಅದರಿಂದ ಆಡಳಿತ ಮಂಡಳಿ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಅಂಕದ ಪ್ರಕಾರ ಸೆಕ್ಷನ್ ಮಾಡುವುದು, ಎಲ್ಲರ ಎದುರು ಅಂಕದ ಮೇಲೆ ಅವಮಾನ ಮಾಡುವುದು ಕೂಡದು ಅಂತ ಮೇಲೆ ಹೇಳಿದ ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಇದೆ, ಆ ಭಾಗದ ಪ್ರತಿ ತೆಗೆದು ಪ್ರಿನ್ಸಿಪಾಲರ ಮೇಜಿನ ಮೇಲಿಡಿ. ಗೇಟಿಗೆ ಕಟ್ಟುವ ರ‍್ಯಾಂಕ್ ಫ್ಲೆಕ್ಸ್ ಬಗ್ಗೆ ಕೋರ್ಟ್ ಏನೂ ಹೇಳಬೇಕಾಗಿಲ್ಲ, ಅದರಲ್ಲಿ ಫೋಟೊ ಇಲ್ಲದ ಮಕ್ಕಳು ದಿನಾ ಅದರ ಕೆಳಗೇ ಒಳಗೆ ಬರುತ್ತಾರೆ ಅನ್ನುವುದನ್ನು ನೀವೇ ಹೇಳಬಹುದು.

ಪ್ರಶ್ನೆ: ನಾವು ನ್ಯೂಜೆರ್ಸಿಯಲ್ಲಿದ್ದೇವೆ. ಮಗಳ ಹೈಸ್ಕೂಲ್ ಕೌನ್ಸೆಲರ್ ‘ಮುಂದಿನ ವರ್ಷದ ವಿಷಯಗಳ ಬಗ್ಗೆ ಮಾತಾಡಬೇಕು’ ಅಂತ ಮೇಲ್ ಮಾಡಿದ್ದಾರೆ. ಏನಾದರೂ ಸಮಸ್ಯೆಯೇ?
(ಒಬ್ಬ ತಂದೆ)

ಉತ್ತರ: ಅಲ್ಲ. ಅಲ್ಲಿ ಅದು ಅವರ ದಿನನಿತ್ಯದ ಕೆಲಸ. ಯಾವ ಕೋರ್ಸ್ ತೆಗೆದುಕೊಳ್ಳಬೇಕು, ಕಾಲೇಜಿಗೆ ಅರ್ಜಿ ಹೇಗೆ ಅನ್ನುವುದೆಲ್ಲ ಅವರ ಮೂಲಕವೇ ಹೋಗುತ್ತದೆ, ಕಾಲೇಜಿಗೆ ಶಿಫಾರಸು ಪತ್ರವನ್ನೂ ಸಾಮಾನ್ಯವಾಗಿ ಅವರೇ ಬರೆಯುತ್ತಾರೆ. ಅಲ್ಲಿಯ ಶಾಲಾ ಕೌನ್ಸೆಲರ್‌ಗಳ ಸಂಘ 250 ಮಕ್ಕಳಿಗೊಬ್ಬರು ಇರಬೇಕು ಅನ್ನುತ್ತದೆ, ಬಹಳ ಕಡೆ ಅದಕ್ಕಿಂತ ಜಾಸ್ತಿ ಮಕ್ಕಳು ಒಬ್ಬರ ಪಾಲಿಗೆ ಬರುತ್ತಾರೆ. ಹಾಗಾಗಿ ಮಗಳ ಮುಖ ಅವರಿಗೆ ನೆನಪಿರಲಿ, ಅವಳೇ ಆಗಾಗ ಹೋಗಿ ಮಾತಾಡಲಿ. ಭೇಟಿಗೆ ನೀವೂ ಹೋಗಿ, ಆದರೆ ಅವಳ ಉತ್ತರಗಳನ್ನು ನೀವು ಕೊಡಬೇಡಿ.

ಪ್ರಶ್ನೆ: ದ್ವಿತೀಯ ಪಿಯು ಸೈನ್ಸ್, ಹಾಸ್ಟೆಲ್‌ನಲ್ಲಿದ್ದೇನೆ. ಅಪ್ಪನ ಇಷ್ಟಕ್ಕೆ ಸೇರಿದ್ದು. ಬೆಳಿಗ್ಗೆಯಿಂದ ರಾತ್ರಿವರೆಗೆ ಕ್ಲಾಸು, ಟೆಸ್ಟು. ಈಚೆಗೆ ಊಟ, ನಿದ್ದೆ ಯಾವುದೂ ಸೇರುತ್ತಿಲ್ಲ. ಎಲ್ಲ ಸಾಕಾಗಿದೆ ಅನ್ನಿಸುತ್ತೆ. ಕೌನ್ಸೆಲರ್ ಅಂತ ಇದ್ದಾರೆ, ಅವರ ಹತ್ತಿರ ಹೋದರೆ ಅಪ್ಪನಿಗೆ ಹೇಳಿಬಿಡುತ್ತಾರೆ.
(ವಿದ್ಯಾರ್ಥಿ, ದಕ್ಷಿಣ ಕನ್ನಡ)

ಉತ್ತರ: ಓದಿನ ಮಾತು ಆಮೇಲೆ. ಸಾಕಾಗಿದೆ ಅಂದರೆ ಓದು ಸಾಕಾಗಿದೆಯೋ, ಬದುಕೇ ಬೇಡ ಅನ್ನಿಸುತ್ತಿದೆಯೋ? ಎರಡನೆಯದು ಒಂದು ಕ್ಷಣ ಮನಸ್ಸಿಗೆ ಬಂದಿದ್ದರೂ ಇದನ್ನು ಓದಿದ ಕೂಡಲೇ 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಸರ್ಕಾರದ್ದು, ಹಗಲು ರಾತ್ರಿ ಇರುತ್ತದೆ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಫೋನ್ ನಿನ್ನ ಹತ್ತಿರ ಇಲ್ಲದಿದ್ದರೆ ವಾರ್ಡನ್‌ಗೆ ‘ನನಗೆ ಹುಷಾರಿಲ್ಲ, ಮನೆಗೆ ಫೋನ್ ಮಾಡಬೇಕು’ ಅನ್ನು, ಅಕ್ಕನಿಗೋ ಮಾವನಿಗೋ ಮಾಡು. ಇವತ್ತು ರಾತ್ರಿ ಒಬ್ಬನೇ ಇರಬೇಡ, ರೂಮ್‌ಮೇಟ್‌ಗೆ ಒಂದು ಮಾತು ಹೇಳಿರು. ಊಟ, ನಿದ್ದೆ ಎರಡೂ ಕೆಟ್ಟಿದೆ ಅಂದರೆ ಡಾಕ್ಟರಿಗೂ ತೋರಿಸಬೇಕು, ಇದು ಜ್ವರ ಬಂದಷ್ಟೇ ನಿಜವಾದ ಕಾಯಿಲೆ ಆಗಿರಬಹುದು.

ಕೌನ್ಸೆಲರ್ ಹತ್ತಿರ ಹೋಗು. ಕೂತ ತಕ್ಷಣ ‘ನಾನು ಹೇಳಿದ್ದರಲ್ಲಿ ಯಾವುದನ್ನು ಮನೆಗೆ ಹೇಳುತ್ತೀರಿ, ಯಾವುದನ್ನು ಹೇಳಲ್ಲ’ ಅಂತ ನೇರವಾಗಿ ಕೇಳು. ಕೇಳುವ ಹಕ್ಕು ನಿನಗಿದೆ. ನಿನ್ನ ಜೀವಕ್ಕೆ ಅಪಾಯ ಅನ್ನಿಸಿದರೆ ಅವರು ಹೇಳಲೇಬೇಕಾಗುತ್ತದೆ, ಹೇಳಲಿ ಬಿಡು. ಅಪ್ಪನಿಗೆ ಇಷ್ಟವಿಲ್ಲದ ವಿಷಯ ನಿನಗೆ ಇಷ್ಟ ಅನ್ನುವುದನ್ನು ಅವರು ಹೇಳಬೇಕಾಗಿಲ್ಲ. ನೀನು ಒಪ್ಪಿದರೆ ಅಪ್ಪನನ್ನು ಕರೆಸಿ ಮೂವರೂ ಕೂತು ಮಾತಾಡುವ ಏರ್ಪಾಡು ಮಾಡಬಹುದು. ಅಪ್ಪನ ಎದುರು ಒಬ್ಬನೇ ನಿಲ್ಲುವುದಕ್ಕೂ ಪಕ್ಕದಲ್ಲಿ ಒಬ್ಬರು ಇರುವುದಕ್ಕೂ ತುಂಬಾ ವ್ಯತ್ಯಾಸ ಇದೆ.

ಸೈನ್ಸ್ ತೆಗೆದುಕೊಂಡೆ ಅಂತ ಉಳಿದ ಬಾಗಿಲೆಲ್ಲ ಮುಚ್ಚಿಲ್ಲ. ಪಿಯು ಸೈನ್ಸ್ ಮುಗಿಸಿ ಬಿಕಾಂಗೆ, ಬಿಎಗೆ, ಐದು ವರ್ಷದ ಕಾನೂನು ಪದವಿಗೆ, ಡಿಸೈನ್ ಕೋರ್ಸ್‌ಗೆ ಹೋದವರು ಬೇಕಾದಷ್ಟು ಜನ ಇದ್ದಾರೆ. ಪಾಸಾಗುವಷ್ಟು ಓದಿ ಮುಗಿಸುವುದು ಒಂದು ದಾರಿ. ಅದೂ ಆಗುವುದಿಲ್ಲ ಅಂದರೆ ಒಂದು ವರ್ಷ ನಿಂತು ಬೇರೆ ವಿಭಾಗಕ್ಕೆ ಸೇರಬಹುದು, ಅದರಿಂದ ಏನೂ ಮುಳುಗುವುದಿಲ್ಲ. ಯಾವುದು ಅಂತ ಈಗಲೇ ತೀರ್ಮಾನ ಬೇಡ. ಮೊದಲು ಫೋನ್, ಆಮೇಲೆ ನಿದ್ದೆ, ಆಮೇಲೆ ಅದು.

ಈ ಹುಡುಗನ ತಂದೆ ಇದನ್ನು ಓದುತ್ತಿರಬಹುದು, ಅಥವಾ ಇಂಥದೇ ಹಾಸ್ಟೆಲ್‌ನಲ್ಲಿ ಮಗನನ್ನು ಬಿಟ್ಟಿರುವ ಬೇರೆ ತಂದೆ. ಭಾನುವಾರದ ಫೋನಿನಲ್ಲಿ ಮೊದಲನೇ ಪ್ರಶ್ನೆ ಟೆಸ್ಟ್ ಮಾರ್ಕ್ಸ್ ಆಗಿರದಿರಲಿ.

ಪ್ರಶ್ನೆ: ಬಿ.ಇಡಿ. ಮಾಡಿ ಶಿಕ್ಷಕನಾಗಿದ್ದೇನೆ. ಮಕ್ಕಳ ಕೌನ್ಸೆಲಿಂಗ್ ಕಲಿಯಬೇಕು ಅಂತ ಆಸೆ. ಎಲ್ಲಿ ಕಲಿಯಬಹುದು? ವಾರಾಂತ್ಯದ ಆನ್‌ಲೈನ್ ಕೋರ್ಸ್ ಸಾಕಾ?
(ಶಿಕ್ಷಕ, ಮಂಡ್ಯ)

ಉತ್ತರ: ಸಾಕಾಗುವುದಿಲ್ಲ. ಎರಡು ದಿನದಲ್ಲಿ ಸರ್ಟಿಫಿಕೇಟ್ ಕೊಡುವವರು ದುಡ್ಡು ತೆಗೆದುಕೊಳ್ಳುವುದನ್ನು ಮಾತ್ರ ಚೆನ್ನಾಗಿ ಕಲಿತಿರುತ್ತಾರೆ. ನಿಮ್ಮಂಥ ಶಿಕ್ಷಕರಿಗೆ ಹೊಂದುವುದು ಕೇಂದ್ರದ ಶಿಕ್ಷಣ ಸಂಶೋಧನಾ ಸಂಸ್ಥೆ ಎನ್‌ಸಿಇಆರ್‌ಟಿ ನಡೆಸುವ ಮಾರ್ಗದರ್ಶನ ಮತ್ತು ಸಮಾಲೋಚನೆಯ ಡಿಪ್ಲೊಮಾ. ಒಂದು ವರ್ಷದ್ದು. ಸ್ವಲ್ಪ ಭಾಗ ದೂರಶಿಕ್ಷಣ, ಸ್ವಲ್ಪ ಭಾಗ ಎದುರಾಬದುರು ತರಗತಿ, ಕೊನೆಗೆ ಇಂಟರ್ನ್‌ಶಿಪ್. ನಮ್ಮ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯೂ ಅದರ ಕೇಂದ್ರ, ನಿಮಗೆ ಮಂಡ್ಯದಿಂದ ಹತ್ತಿರವೇ. ಪ್ರವೇಶದ ಪ್ರಕಟಣೆ ಬಂದಾಗ ಅರ್ಜಿ ಹಾಕಿ, ಕೆಲಸದಲ್ಲಿರುವ ಶಿಕ್ಷಕರು ಇಲಾಖೆಯ ಮೂಲಕ ಹೋಗಬಹುದೇ ಅಂತ ನಿಮ್ಮ ಬಿಇಒ ಕಚೇರಿಯಲ್ಲಿ ವಿಚಾರಿಸಿ. ಪೂರ್ಣಾವಧಿ ಕೌನ್ಸೆಲರ್ ಆಗುವುದಾದರೆ ಮನಶ್ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಇದ್ದರೆ ಒಳ್ಳೆಯದು. ಅಲ್ಲಿಯವರೆಗೆ ನಿಮ್ಮ ಕ್ಲಾಸಿನಲ್ಲಿ ಯಾವತ್ತೂ ಕೈ ಎತ್ತದ ಮಗುವಿನ ಜೊತೆ ದಿನಾ ಎರಡು ನಿಮಿಷ ಪಾಠದ ಹೊರಗಿನ ಮಾತಾಡಿ. ಅದಕ್ಕೆ ಡಿಪ್ಲೊಮಾ ಬೇಡ.